ಇಬ್ಬರೇ ಇರುವ ದೋಣಿ

ಸಂಸಾರವನ್ನು ದೋಣಿಗೆ ಹೋಲಿಸುವುದು ನಮ್ಮಲ್ಲಿ ತಲೆತಲಾಂತರದಿಂದ ನಡೆದುಬಂದ ರೂಢಿ. ಮದುವೆಯ ಮಂಟಪದಲ್ಲಿ ಹಿರಿಯರು ವಧೂವರರನ್ನು ಹರಸುವಾಗ ಈ ಮಾತನ್ನು ಆಡದೆ ಬಿಡುವುದಿಲ್ಲ. ಕೇಳಿದವರು ಊಟದ ಪಂಕ್ತಿಗೆ ಹೋಗುವಷ್ಟರಲ್ಲಿ ಅದನ್ನು ಮರೆಯುವುದೂ ಉಂಟು. ಆದರೆ ದೋಣಿಯನ್ನೇ ಮನೆಯಾಗಿ ಮಾಡಿಕೊಂಡು, ಗಂಡಹೆಂಡಿರಿಬ್ಬರೇ ಸಾವಿರ ಮೈಲಿಗೂ ಮಿಕ್ಕಿದ ದಾರಿಯನ್ನು ನೀರಿನ ಮೇಲೆ ಕ್ರಮಿಸುವ ಜನರೂ ಲೋಕದಲ್ಲಿದ್ದಾರೆ. ಅವರಿಗೆ ಈ ಹೋಲಿಕೆ ಹೋಲಿಕೆಯಲ್ಲ, ದಿನನಿತ್ಯದ ವ್ಯವಹಾರ. ಕಡಲಿನಿಂದ ದೂರವಿರುವ ಬಯಲುಸೀಮೆಯ ನಮ್ಮ ಸದ್ಗೃಹಸ್ಥರು ಅವರ ರೀತಿಯನ್ನು ಅರಿತರೆ ಲಾಭವುಂಟೆಂದು ಭಾವಿಸಿ ಈ ತಿಂಗಳ ಲೇಖನವನ್ನು ಅದಕ್ಕೆ ಮೀಸಲಿಟ್ಟಿದ್ದೇವೆ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದಿಳಿಯುವುದನ್ನು ಆ ಭಾಗದ ವಾಚಕರು ಕಂಡಿರಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ತೀರದಲ್ಲಿ ಮನುಷ್ಯರೂ ಹೀಗೆಯೇ ವಲಸೆ ಹೋಗುತ್ತಾರೆ. ಉತ್ತರದ ರಾಜ್ಯಗಳಲ್ಲಿ ಚಳಿಗಾಲ ಉಗ್ರವಾದುದು. ಅಲ್ಲಿಯ ಹಾಯಿದೋಣಿಗಳನ್ನು ಸಾಮಾನ್ಯವಾಗಿ ನೀರಿನಿಂದ ಮೇಲೆತ್ತಿ, ಹೊದಿಕೆ ಹಾಸಿ, ವಸಂತ ಬರುವವರೆಗೆ ದಡದಲ್ಲಿ ನಿಲ್ಲಿಸುವರು. ಹಾಗೆ ಮಾಡಲೊಲ್ಲದ ಕೆಲವರು, ಅದರಲ್ಲಿಯೂ ಉದ್ಯೋಗದಿಂದ ನಿವೃತ್ತರಾದ ದಂಪತಿಗಳು, ಶರತ್ಕಾಲ ಬಂದೊಡನೆ ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿ ಫ್ಲೋರಿಡಾ ಅಥವಾ ಬಹಾಮಾ ದ್ವೀಪಗಳತ್ತ ಹೊರಡುತ್ತಾರೆ. ಅಲ್ಲಿಯ ಜನ ಇವರನ್ನು ‘ಹಿಮದ ಹಕ್ಕಿಗಳು’ ಎಂದು ಕರೆಯುವರು. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ವರ್ಜೀನಿಯಾ, ಉತ್ತರ ಕ್ಯಾರೊಲೈನಾ ರಾಜ್ಯಗಳಲ್ಲಿ ನೆಲೆಸಿರುವುದರಿಂದ ಈ ಊರುಗಳ ಹೆಸರು ನಮ್ಮ ವಾಚಕರಿಗೆ ತೀರ ಅಪರಿಚಿತವೂ ಅಲ್ಲ.

ಇವರು ಹಿಡಿಯುವ ದಾರಿ ಬಹುಪಾಲು ತೆರೆದ ಕಡಲಲ್ಲ. ನದಿ, ಅಳಿವೆ, ಹಿನ್ನೀರು, ಕಾಲುವೆಗಳನ್ನು ಒಂದಕ್ಕೊಂದು ಜೋಡಿಸಿ ತೀರದ ಒಳಬದಿಯಲ್ಲಿಯೇ ನಿರ್ಮಿಸಿದ ಜಲಮಾರ್ಗವೊಂದುಂಟು. ಅದಕ್ಕೆ ಇಂಟ್ರಾಕೋಸ್ಟಲ್ ವಾಟರ್‌ವೇ ಎಂದು ಹೆಸರು. ವರ್ಜೀನಿಯಾದ ನಾರ್ಫೋಕ್ ಬಂದರಿನ ಬಳಿ ಅದರ ಸೊನ್ನೆಯ ಮೈಲಿಗುರುತು. ಅಲ್ಲಿಂದ ಮಯಾಮಿ ನಗರಕ್ಕೆ ಸುಮಾರು 1,090 ಮೈಲಿ. ಅಮೆರಿಕದ ಸೇನೆಯ ಇಂಜಿನಿಯರುಗಳ ವಿಭಾಗ ಇದನ್ನು ನೋಡಿಕೊಳ್ಳುತ್ತದೆ. ಫ್ಲೋರಿಡಾದ ಫೋರ್ಟ್ ಪಿಯರ್ಸ್‌ವರೆಗೆ 12 ಅಡಿ ಆಳವಿರಬೇಕೆಂಬುದು ಕಾಗದದ ಮೇಲಿನ ನಿಯಮ. ಆದರೆ ಮರಳು ಕಾಗದವನ್ನು ಓದುವುದಿಲ್ಲವಾದ್ದರಿಂದ ಹಲವೆಡೆ ಅದರ ಅರ್ಧದಷ್ಟು ನೀರೂ ಸಿಗುವುದಿಲ್ಲ. ದಾರಿಗೆ ಅಡ್ಡಲಾಗಿರುವ ಸ್ಥಿರ ಸೇತುವೆಗಳ ಎತ್ತರ ಸಾಮಾನ್ಯವಾಗಿ 65 ಅಡಿ. ಮಯಾಮಿಯ ಒಂದು ಸೇತುವೆ ಮಾತ್ರ 56 ಅಡಿ. ದೋಣಿಯ ಕೂವೆಮರ ಇದಕ್ಕಿಂತ ಎತ್ತರವಿದ್ದರೆ ದಾರಿ ಅಲ್ಲಿಗೆ ಮುಗಿಯಿತು. ಕಾಲುವೆ ಇಕ್ಕಟ್ಟಾದುದರಿಂದ ಹಾಯಿದೋಣಿಯಾದರೂ ಬಹಳಷ್ಟು ದೂರ ಡೀಸೆಲ್ ಯಂತ್ರದ ಬಲದಿಂದಲೇ ನಡೆಯಬೇಕು. ಗಂಟೆಗೆ 5-6 ಮೈಲಿ ವೇಗ. ನವೆಂಬರ್ ತಿಂಗಳಲ್ಲಿ ಸಂಜೆ 5ರ ಸುಮಾರಿಗೆಲ್ಲ ಕತ್ತಲೆ. ದಿನಕ್ಕೆ 50 ಮೈಲಿ ಸಾಗಿದರೆ ಹೆಚ್ಚು. ಲೆಕ್ಕದ ಪ್ರಕಾರ 22 ದಿನದ ದಾರಿ. ಗಾಳಿ, ಮಂಜು, ಯಂತ್ರದ ರಿಪೇರಿ ಎಂದು ನಿಂತು ನಿಂತು ಹೋಗುವವರಿಗೆ ಇದರ ಎರಡರಷ್ಟಾದರೂ ಹಿಡಿಯುತ್ತದೆ.

ನಾರ್ಫೋಕ್ ಬಿಟ್ಟೊಡನೆ ದಾರಿ ಎರಡಾಗಿ ಒಡೆಯುತ್ತದೆ. ಅವುಗಳಲ್ಲಿ ಒಂದು ಗ್ರೇಟ್ ಡಿಸ್ಮಲ್ ಸ್ವಾಂಪ್ ಎಂಬ ಮಹಾ ಜೌಗುಪ್ರದೇಶವನ್ನು ಸೀಳಿ ಹೋಗುವ 22 ಮೈಲಿಯ ಕಾಲುವೆ. 1793ರಲ್ಲಿ ಅಗೆತ ಆರಂಭವಾಗಿ 1805ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಮರದ ತೊಗಟೆ, ಎಲೆಗಳ ರಸ ಬೆರೆತು ನೀರು ಚಹದ ಬಣ್ಣಕ್ಕೆ ತಿರುಗಿದೆ. ಇಕ್ಕೆಲಗಳಲ್ಲಿ ಮರಗಳು ಬಾಗಿ ನಿಂತಿರುವ ಈ ದಾರಿಯ ಸೊಬಗನ್ನು ಪಯಣಿಗರು ಬಾಯಿತುಂಬ ಹೊಗಳುತ್ತಾರೆ. ಆದರೆ ಅದನ್ನು ಕೈಯಿಂದ ಅಗೆದವರು ಗುಲಾಮರೆಂಬುದನ್ನು ನಾವು ಮರೆಯಲಾಗದು. ಇದೇ ಕಾಲುವೆಯಲ್ಲಿ ಸರಕಿನ ದೋಣಿ ನಡೆಸುತ್ತಿದ್ದ ಮೋಸೆಸ್ ಗ್ರ್ಯಾಂಡಿ ಎಂಬ ಗುಲಾಮನು ತನ್ನ ಜೀವನವೃತ್ತಾಂತವನ್ನು 1843ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ದುಡಿದು ಕೂಡಿಸಿದ ಹಣದಿಂದ ತನ್ನ ಬಿಡುಗಡೆಯ ಬೆಲೆಯನ್ನು ಎರಡು ಬಾರಿ ತೆತ್ತು ಎರಡು ಬಾರಿಯೂ ಒಡೆಯರಿಂದ ವಂಚಿತನಾಗಿ, ಮೂರನೆಯ ಬಾರಿ ತೆತ್ತ ಮೇಲೆ ಸ್ವತಂತ್ರನಾದವನು ಆತ. ಮದುವೆಯಾಗಿ ವರ್ಷ ತುಂಬುವುದರೊಳಗೆ ಅವನ ಹೆಂಡತಿಯನ್ನು ಒಡೆಯನು ಮಾರಿಬಿಟ್ಟನು. ಸಾಲಾಗಿ ಕರೆದೊಯ್ಯುತ್ತಿದ್ದ ಗುಲಾಮರ ನಡುವೆ ಅವಳನ್ನು ಕಂಡು ಒಂದೆರಡು ಮಾತಾಡಿದ್ದೇ ಕೊನೆ. ಆಮೇಲೆ ಅವನು ಅವಳನ್ನು ಎಂದೂ ಕಾಣಲಿಲ್ಲ. ಇಂದು ದಂಪತಿಗಳು ಜೊತೆಯಾಗಿ ನಗುತ್ತ ಸಾಗುವ ನೀರಿನ ಮೇಲೆಯೇ ಒಂದು ಕಾಲಕ್ಕೆ ಜೊತೆಯಾಗಿರುವ ಹಕ್ಕೇ ಇಲ್ಲದ ಗಂಡಹೆಂಡಿರ ದೋಣಿಗಳು ಸಾಗಿದುವು. ಒಟ್ಟಿಗೆ ಬಾಳುವುದು ಎಲ್ಲರಿಗೂ ತಾನಾಗಿ ದೊರೆತ ಭಾಗ್ಯವಲ್ಲವೆಂಬುದನ್ನು ನೆನೆಯಲು ಇದಕ್ಕಿಂತ ತಕ್ಕ ಸ್ಥಳ ಇನ್ನೊಂದಿಲ್ಲ.

ಆ ಕಾಲುವೆಯನ್ನು ದಾಟಿದ ಮೇಲೆ ಸಿಗುವ ಊರು ಎಲಿಜಬೆತ್ ಸಿಟಿ. 1983ರಲ್ಲಿ ಅಲ್ಲಿಯ ಇಬ್ಬರು ಹಿರಿಯರು ಒಂದು ಸತ್ಸಂಪ್ರದಾಯವನ್ನು ಆರಂಭಿಸಿದರು. ಕಟ್ಟೆಗೆ ಬಂದು ನಿಂತ ಪ್ರತಿ ದೋಣಿಯ ಗೃಹಿಣಿಗೂ ಒಂದು ಗುಲಾಬಿ ಹೂ. ಸಾಕಷ್ಟು ದೋಣಿಗಳು ಕೂಡಿದ ಸಂಜೆ ಅವರೆಲ್ಲರಿಗೂ ಒಂದು ಸಣ್ಣ ಉಪಚಾರಕೂಟ. ಬಂದವರು ಯಾರು, ಎಲ್ಲಿಯವರು ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಮುಂದೆ ದಾಟಬೇಕಾದದ್ದು ಆಲ್ಬಮಾರ್ಲ್ ಸೌಂಡ್ ಎಂಬ ವಿಶಾಲವಾದ, ಆಳವಿಲ್ಲದ ಹಿನ್ನೀರು. ಗಾಳಿ ಎದ್ದರೆ ಅಲ್ಲಿ ಗಿಡ್ಡನೆಯ ಕಡಿದಾದ ತೆರೆಗಳು ದೋಣಿಯನ್ನು ಒಂದೇ ಸಮನೆ ಗುದ್ದುವುವು. ಹೆದರಿ ನಿಂತವರಿಗೆ ಆ ಒಂದು ಹೂವು ಎಷ್ಟು ಧೈರ್ಯ ತಂದಿದ್ದೀತೆಂಬುದನ್ನು ಅತಿಥಿಸತ್ಕಾರದಲ್ಲಿ ಪಳಗಿದ ನಮ್ಮ ತಾಯಂದಿರಿಗೆ ವಿವರಿಸಬೇಕಾಗಿಲ್ಲ.

ಇಷ್ಟು ಬಳಸಿ ಒಳದಾರಿಯನ್ನು ಹಿಡಿಯುವುದಾದರೂ ಏಕೆ? ಹೊರಗಡೆ ಹ್ಯಾಟರಸ್ ಭೂಶಿರವಿದೆ. ದಕ್ಷಿಣದಿಂದ ಉತ್ತರಕ್ಕೆ ಹರಿಯುವ ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಪ್ರವಾಹ ಅಲ್ಲಿ ತೀರಕ್ಕೆ ಬಹು ಸಮೀಪದಲ್ಲಿ ಹಾಯುತ್ತದೆ. ಬೆಂಜಮಿನ್ ಫ್ರಾಂಕ್ಲಿನ್ನನು 1769ರ ಸುಮಾರಿಗೆ ತನ್ನ ಬಂಧುವಾದ ತಿಮಿಂಗಿಲ ಬೇಟೆಯ ನಾವಿಕನೊಬ್ಬನಿಂದ ಕೇಳಿ ತಿಳಿದು ನಕ್ಷೆ ಮಾಡಿಸಿದ್ದು ಈ ಪ್ರವಾಹದ್ದೇ. ಉತ್ತರದ ಗಾಳಿ ಅದಕ್ಕೆ ಎದುರಾಗಿ ಬೀಸಿದರೆ ಅಲೆಗಳು ಗೋಡೆಯಂತೆ ಏಳುವುವು. ಅಡಿಯಲ್ಲಿ ಮೈಲಿಗಟ್ಟಲೆ ಚಾಚಿದ ಮರಳದಿಬ್ಬಗಳು. ಆ ಭಾಗಕ್ಕೆ ನಾವಿಕರು ಇಟ್ಟ ಹೆಸರು ‘ಅಟ್ಲಾಂಟಿಕದ ಸ್ಮಶಾನ’. 1870ರಲ್ಲಿ ಕಟ್ಟಿದ ಅಲ್ಲಿಯ ದೀಪಸ್ತಂಭದ ಬುಡಕ್ಕೆ ಕಡಲು ಹತ್ತಿರವಾದುದರಿಂದ 1999ರಲ್ಲಿ ಆ ಸ್ತಂಭವನ್ನೇ ಇಡಿಯಾಗಿ 2,900 ಅಡಿ ಹಿಂದಕ್ಕೆ ಸರಿಸಬೇಕಾಯಿತು.

ಆದರೂ ಅನುಭವಿಗಳಾದ ನಾವಿಕರು ಕಡಲಿಗಿಂತ ಹೆಚ್ಚಾಗಿ ಅಂಜುವುದು ದಿನದರ್ಶಿಕೆಗೆ. ಅಲ್ಲಿ ಚಂಡಮಾರುತದ ಕಾಲವೆಂದು ಜೂನ್ 1ರಿಂದ ನವೆಂಬರ್ 30ರವರೆಗೆ ಗೊತ್ತುಪಡಿಸಿದ್ದಾರೆ. ಬೇಗ ಹೊರಟರೆ ಚಂಡಮಾರುತ, ತಡಮಾಡಿದರೆ ಕೊರೆಯುವ ಚಳಿ. ಈ ಎರಡರ ನಡುವಣ ಕೆಲವೇ ವಾರಗಳಲ್ಲಿ ದಾರಿ ಸಾಗಬೇಕು. ನಮ್ಮ ಕರಾವಳಿಯ ಕಡಲಮಕ್ಕಳು ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು, ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಮತ್ತೆ ಇಳಿಯುವ ಪದ್ಧತಿಯಲ್ಲಿಯೂ ಇದೇ ವಿವೇಕವಿದೆ. ಇಂಥ ದಿನಕ್ಕೆ ಇಂಥ ಊರು ಸೇರಲೇಬೇಕೆಂದು ಹಟ ಹಿಡಿದವನು ಆಕಾಶವನ್ನು ನೋಡುವುದನ್ನು ಬಿಟ್ಟುಬಿಡುತ್ತಾನೆ. 2012ರ ಅಕ್ಟೋಬರ್ 25ರಂದು ‘ಬೌಂಟಿ’ ಎಂಬ ದೊಡ್ಡ ಹಾಯಿಹಡಗು, ‘ಸ್ಯಾಂಡಿ’ ಚಂಡಮಾರುತದ ಮುನ್ಸೂಚನೆಯಿದ್ದರೂ, ಕನೆಕ್ಟಿಕಟ್ ರಾಜ್ಯದಿಂದ ಫ್ಲೋರಿಡಾಕ್ಕೆ ಹೊರಟಿತು. ನಾಲ್ಕನೆಯ ದಿನ ಹ್ಯಾಟರಸ್ಸಿನ ಆಚೆ ಮುಳುಗಿತು. ಹದಿನಾರು ಮಂದಿಯಲ್ಲಿ ಹದಿನಾಲ್ವರನ್ನು ಕರಾವಳಿ ರಕ್ಷಣಾ ಪಡೆಯವರು ಹೆಲಿಕಾಪ್ಟರುಗಳಿಂದ ಎತ್ತಿ ಉಳಿಸಿದರು. ಒಬ್ಬ ಮಹಿಳೆ ತೀರಿಕೊಂಡಳು, ಹಡಗಿನ ನಾಯಕನ ಸುಳಿವೇ ಸಿಗಲಿಲ್ಲ. ನಾಯಕನ ದುಡುಕಿನ ನಿರ್ಧಾರವೇ ಇದಕ್ಕೆ ಕಾರಣವೆಂದು 2014ರಲ್ಲಿ ತನಿಖೆಯ ವರದಿ ಹೇಳಿತು. ಆದುದರಿಂದ ವಿವೇಕಿಗಳಾದ ದೋಣಿಯ ದಂಪತಿಗಳು ಒಂದು ಕಟ್ಟಳೆಯನ್ನು ಮಾಡಿಕೊಂಡಿರುತ್ತಾರೆ: ಹೊರಡಲು ಇಬ್ಬರ ಒಪ್ಪಿಗೆಯೂ ಬೇಕು; ನಿಲ್ಲಲು ಒಬ್ಬರ ‘ಬೇಡ’ ಸಾಕು. ಆ ‘ಬೇಡ’ಕ್ಕೆ ಕಾರಣ ಕೇಳಿ ಹಂಗಿಸುವಂತಿಲ್ಲ. ಈ ಒಂದು ಕಟ್ಟಳೆ ನಮ್ಮ ಮನೆಗಳಲ್ಲಿ ಜಾರಿಗೆ ಬಂದರೆ ಎಷ್ಟು ಸಾಲಗಳು, ಎಷ್ಟು ಜಾಮೀನುಗಳು, ಎಷ್ಟು ಅವಸರದ ಖರೀದಿಗಳು ನಿಂತಾವೆಂಬುದನ್ನು ಪ್ರತಿಯೊಬ್ಬ ಯಜಮಾನನೂ ತನ್ನೊಳಗೆ ಲೆಕ್ಕ ಹಾಕಿಕೊಳ್ಳಲಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ನಾವಿಕರಲ್ಲಿಯೂ ‘ಗುಲಾಬಿ ಕೆಲಸ, ನೀಲಿ ಕೆಲಸ’ ಎಂಬ ಮಾತುಂಟು. ಅಡುಗೆ, ಸಾಮಾನಿನ ಪಟ್ಟಿ, ಶುಚಿತ್ವ ಹೆಣ್ಣಿನವು. ಯಂತ್ರ, ನಕ್ಷೆ, ರೇಡಿಯೊ ಗಂಡಿನವು. ದಡದಲ್ಲಿ ನಡೆದುಬಂದ ಈ ವಿಭಜನೆಯನ್ನೇ ಹಲವರು ದೋಣಿಗೂ ಹೊತ್ತು ತರುವರು. ದಿನದ ಕೊನೆಗೆ ಲಂಗರು ಹಾಕುವ ಹೊತ್ತಿಗೆ ಅದರ ಬಿಸಿ ತಟ್ಟುತ್ತದೆ. ಒಬ್ಬರು ದೋಣಿಯ ಮುಂತುದಿಯಲ್ಲಿ ನಿಂತು ಲಂಗರು ಇಳಿಸಬೇಕು, ಇನ್ನೊಬ್ಬರು ಹಿಂದೆ ಚುಕ್ಕಾಣಿ ಹಿಡಿಯಬೇಕು. ಲೆಕ್ಕವೂ ಇದೆ: ನೀರಿನ ಆಳ 10 ಅಡಿ, ರಾತ್ರಿ ಏರುವ ಉಬ್ಬರ 8 ಅಡಿ (ಜಾರ್ಜಿಯಾ ತೀರದಲ್ಲಿ ಇಷ್ಟು ಏರುವುದು ಸಾಮಾನ್ಯ), ದೋಣಿಯ ಮುಂತುದಿಯ ಎತ್ತರ 4 ಅಡಿ, ಒಟ್ಟು 22. ಅದರ ಐದರಿಂದ ಏಳರಷ್ಟು ಸರಪಳಿ ಬಿಡಬೇಕು. ಅಂದರೆ ಗಾಳಿಯಿದ್ದ ರಾತ್ರಿ 154 ಅಡಿ. ಉಬ್ಬರವನ್ನು ಲೆಕ್ಕಕ್ಕೆ ಹಿಡಿಯದೆ ಮಲಗಿದವರು ಬೆಳಗಿನೊಳಗೆ ಬೇರೆಲ್ಲೋ ಇರುತ್ತಾರೆ. ಇದನ್ನೆಲ್ಲ ಯಂತ್ರದ ಸದ್ದಿನ ನಡುವೆ ಒಬ್ಬರಿಗೊಬ್ಬರು ಕೂಗಿ ಹೇಳುವಾಗ ಸುತ್ತಲಿನ ದೋಣಿಗಳವರು ಕಿವಿಗೊಟ್ಟು ಕೇಳುವ ಜಗಳಗಳಾಗುವುದುಂಟು. ಈ ಕಷ್ಟವನ್ನು ನೀಗಲು ತಲೆಗೆ ಹಾಕಿಕೊಂಡು ಮಾತಾಡುವ ತಂತಿಯಿಲ್ಲದ ಸಲಕರಣೆಯೊಂದು ಬಂದಿದೆ. ಅದಕ್ಕೆ ಅವರು ನಗೆಯಾಗಿ ಇಟ್ಟ ಹೆಸರು ‘ದಾಂಪತ್ಯರಕ್ಷಕ’. ಮೆಲ್ಲಗೆ ಆಡಿದ ಮಾತೂ ಕೇಳಿಸುವುದರಿಂದ ಕೂಗುವ ಅಗತ್ಯವಿಲ್ಲ, ಕೂಗದಿದ್ದ ಮೇಲೆ ಕೋಪಕ್ಕೆ ಎಡೆಯಿಲ್ಲ!

ಇದು ನಗೆಯಾಯಿತು. ನಗೆಯಲ್ಲದ ಸಂಗತಿಯೊಂದಿದೆ. ಒಬ್ಬರು ಕಾಲುಜಾರಿ ನೀರಿಗೆ ಬಿದ್ದರೆಂದಿಟ್ಟುಕೊಳ್ಳಿ. ನವೆಂಬರಿನ ತಣ್ಣೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಕೈಬೆರಳುಗಳು ಸೋತು ಹಗ್ಗವನ್ನೂ ಹಿಡಿಯಲಾರದಂತಾಗುತ್ತವೆ. ಆಗ ದೋಣಿಯಲ್ಲಿ ಉಳಿದವರು ಒಬ್ಬರೇ. ಅವರು ತೇಲುಸಾಧನವನ್ನು ಎಸೆಯಬೇಕು. ಬಿದ್ದವರ ತಲೆಯಿಂದ ಕಣ್ಣು ತೆಗೆಯದಿರಬೇಕು, ಏಕೆಂದರೆ ಅಲೆಗಳ ನಡುವೆ ಒಮ್ಮೆ ಕಣ್ಣುತಪ್ಪಿದ ತಲೆ ಮತ್ತೆ ಕಾಣಸಿಗುವುದು ದುರ್ಲಭ. ಹಾಯಿ ಇಳಿಸಿ, ನೀರಿನಲ್ಲಿ ಹಗ್ಗ ಜೋತುಬಿದ್ದಿಲ್ಲವೆಂದು ನೋಡಿ, ಯಂತ್ರ ಹಚ್ಚಿ, ದೋಣಿಯನ್ನು ತಿರುಗಿಸಿ ಬಳಿಗೆ ತರಬೇಕು. ರೇಡಿಯೊದ 16ನೆಯ ವಾಹಿನಿಯಲ್ಲಿ ‘ಮೇಡೇ’ ಎಂದು ಮೂರು ಬಾರಿ ಕರೆದು ತಾವಿರುವ ಸ್ಥಳವನ್ನು ಹೇಳಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಕೊನೆಯ ಕೆಲಸ: ನೆನೆದು ಭಾರವಾದ ದೇಹವನ್ನು ಮೂರು ನಾಲ್ಕು ಅಡಿ ಮೇಲಕ್ಕೆತ್ತುವುದು. ತೋಳಬಲದಿಂದ ಇದು ಆಗದು. ಹಾಯಿ ಏರಿಸುವ ಹಗ್ಗವನ್ನು ಕಟ್ಟಿ, ರಾಟೆ ತಿರುಗಿಸಿ ಎತ್ತಬೇಕು. ಈ ಉಪಾಯ ತಿಳಿದ ಕೃಶ ದೇಹದ ಹೆಂಗಸು ತನ್ನ ದಢೂತಿ ಗಂಡನನ್ನು ಬದುಕಿಸಬಲ್ಲಳು. ತಿಳಿಯದಿದ್ದರೆ ಎಷ್ಟು ಪ್ರೀತಿಯಿದ್ದರೂ ಕೈಗೆಟುಕುವ ದೂರದಲ್ಲಿಯೇ ಅವನನ್ನು ಕಳೆದುಕೊಳ್ಳುವಳು. ಆದುದರಿಂದ ವಿವೇಕಿಗಳಾದವರು ಹೊರಡುವ ಮುನ್ನ, ಬಿಸಿಲಿನ ಹಿತವಾದ ದಿನಗಳಲ್ಲಿ, ದಿಂಬೊಂದನ್ನು ನೀರಿಗೆಸೆದು ಅದೇ ತಮ್ಮ ಸಂಗಾತಿಯೆಂದು ಭಾವಿಸಿ ಅಭ್ಯಾಸ ಮಾಡುವರು. ಗಂಡನ ಸರದಿ, ಆಮೇಲೆ ಹೆಂಡತಿಯ ಸರದಿ. ಅಭ್ಯಾಸದ ಹೊತ್ತಿಗೆ ಇನ್ನೊಬ್ಬರು ಬಾಯಿಬಿಡುವಂತಿಲ್ಲ. ನೀರಿನಲ್ಲಿ ಬಿದ್ದವರು ಸಲಹೆ ಕೊಡಲಾರರಷ್ಟೆ.

‘ಅದು ಸಮುದ್ರದ ಮಾತು, ನಮಗೇಕೆ?’ ಎಂದು ವಾಚಕರು ಕೇಳಬಹುದು. ನಮ್ಮ ಊರುಗಳನ್ನು ಒಮ್ಮೆ ನೋಡಿ. ಇಪ್ಪತ್ತು ಜನ ಉಣ್ಣುತ್ತಿದ್ದ ದೊಡ್ಡ ದೊಡ್ಡ ಮನೆಗಳಲ್ಲಿ ಇಂದು ಇಬ್ಬರೇ ವೃದ್ಧರು. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಕಡಲಾಚೆಯಲ್ಲಿ. ಅವಿಭಕ್ತ ಕುಟುಂಬವಿದ್ದಾಗ ಒಬ್ಬರ ಅಜ್ಞಾನವನ್ನು ಹತ್ತು ಕೈಗಳು ತುಂಬಿಕೊಡುತ್ತಿದ್ದುವು. ಗಂಡನಿಗೆ ಒಲೆ ಹಚ್ಚಲು ಬರದಿದ್ದರೂ, ಹೆಂಡತಿಗೆ ಬ್ಯಾಂಕಿನ ದಾರಿ ತಿಳಿಯದಿದ್ದರೂ ನಡೆಯುತ್ತಿತ್ತು. ಈಗ ನಮ್ಮ ಮನೆಯೂ ಇಬ್ಬರೇ ಇರುವ ದೋಣಿ. ಒಬ್ಬರು ಜಾರಿದರೆ ಇನ್ನೊಬ್ಬರೇ ಎಲ್ಲ.

ನಾವು ಬಲ್ಲ ಒಂದು ಮನೆತನದಲ್ಲಿ ನಿವೃತ್ತ ಶಿಕ್ಷಕರೊಬ್ಬರು ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನಲವತ್ತೆರಡು ವರ್ಷ ಸಂಸಾರ ಮಾಡಿದ ಆ ತಾಯಿಗೆ ಪಿಂಚಣಿ ಯಾವ ಬ್ಯಾಂಕಿಗೆ ಬರುತ್ತದೆಂಬುದು ಗೊತ್ತಿರಲಿಲ್ಲ. ವಿಮೆಯ ಕಾಗದ, ಹೊಲದ ಪಹಣಿ, ಕೊಟ್ಟ ಕೈಸಾಲದ ಲೆಕ್ಕ ಎಲ್ಲವೂ ಹೋದವರ ತಲೆಯಲ್ಲಿಯೇ ಹೋದುವು. ದುಃಖಿಸಬೇಕಾದ ದಿನಗಳನ್ನು ಆಕೆ ಕಚೇರಿಗಳ ಬಾಗಿಲಲ್ಲಿ ಕಳೆದರು. ಇನ್ನೊಂದು ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಪತ್ನಿ ತೀರಿಕೊಂಡ ಮೇಲೆ ಯಜಮಾನರಿಗೆ ಉಪ್ಪಿನ ಡಬ್ಬಿ ಯಾವುದು, ತಮ್ಮ ರಕ್ತದೊತ್ತಡದ ಗುಳಿಗೆ ಯಾವ ಹೊತ್ತಿನದು ಎಂಬುದೂ ತಿಳಿಯದು. ಊರಿಗೆ ನ್ಯಾಯ ಹೇಳುತ್ತಿದ್ದ ಹಿರಿಯರು ಎರಡು ರೊಟ್ಟಿಗಾಗಿ ನೆರೆಮನೆಯವರ ಮುಖ ನೋಡುವಂತಾಯಿತು. ಈ ಎರಡು ಮನೆಗಳಲ್ಲಿಯೂ ಪ್ರೀತಿಗೆ ಕೊರತೆಯಿರಲಿಲ್ಲ. ‘ಆಕೆಗೇಕೆ ತೊಂದರೆ’ ಎಂದು ಇವರು, ‘ಅವರಿಗೇಕೆ ತೊಂದರೆ’ ಎಂದು ಆಕೆ ಎಲ್ಲವನ್ನೂ ತಾವೇ ಹೊತ್ತರು. ಹೊರೆ ಇಳಿಸಿಕೊಟ್ಟೆವೆಂದು ತಿಳಿದವರು ನಿಜವಾಗಿ ಹೊರೆ ಹೊರುವ ಶಕ್ತಿಯನ್ನೇ ತಮ್ಮ ಸಂಗಾತಿಯಿಂದ ಕಿತ್ತುಕೊಂಡಿದ್ದರು.

ಸಾವಿನ ಮಾತು ಅಶುಭವೆಂದು ನಮ್ಮವರು ಹಿಂಜರಿಯುತ್ತಾರೆ. ದಿಂಬನ್ನು ನೀರಿಗೆಸೆದು ಅಭ್ಯಾಸ ಮಾಡಿದ ಮಾತ್ರಕ್ಕೆ ಯಾವ ನಾವಿಕನೂ ಮುಳುಗಿಲ್ಲ. ಹಾಗೆಯೇ ಕಾಗದಪತ್ರಗಳನ್ನು ಹೆಂಡತಿಗೆ ತೋರಿಸಿದ್ದರಿಂದ ಯಾವ ಗಂಡನ ಆಯುಷ್ಯವೂ ಕುಗ್ಗದು, ಸಾರಿನ ಹದವನ್ನು ಗಂಡನಿಗೆ ಕಲಿಸಿದ್ದರಿಂದ ಯಾವ ಮುತ್ತೈದೆಯ ಭಾಗ್ಯಕ್ಕೂ ಕುಂದು ಬಾರದು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಬರುವ ಭಾನುವಾರ ದಂಪತಿಗಳು ಒಂದು ನೂರು ಪುಟದ ನೋಟುಪುಸ್ತಕವನ್ನು ಹಿಡಿದು ಕುಳಿತುಕೊಳ್ಳಿ. ಬ್ಯಾಂಕಿನ ಖಾತೆಗಳು, ವಿಮೆ, ಪಹಣಿ, ಕೊಡುವುದು ಕೊಳ್ಳುವುದು, ನಿತ್ಯದ ಗುಳಿಗೆಗಳ ಹೆಸರು ಮತ್ತು ಹೊತ್ತು, ಅಡುಗೆ ಅನಿಲದ ನೋಂದಣಿ, ವೈದ್ಯರ ಮತ್ತು ನಂಬಿಕಸ್ತ ನೆರೆಯವರ ದೂರವಾಣಿ ಸಂಖ್ಯೆ, ಇವನ್ನು ಬರೆಯಿರಿ. ಬರೆಯುವವರು ಅದನ್ನು ತಿಳಿದವರಾಗಿರಬಾರದು. ತಿಳಿದವರು ಹೇಳಬೇಕು, ತಿಳಿಯದವರು ಬರೆಯಬೇಕು. ಬ್ಯಾಂಕಿನ ಖಾತೆ ಒಬ್ಬರದೇ ಹೆಸರಿನಲ್ಲಿದ್ದರೆ ಇಬ್ಬರಲ್ಲಿ ಯಾರಾದರೊಬ್ಬರು ಅಥವಾ ಬದುಕುಳಿದವರು ವ್ಯವಹರಿಸುವಂತೆ ಜಂಟಿಯಾಗಿ ಮಾಡಿಸಿಕೊಳ್ಳಿ. ಆಮೇಲೆ ತಿಂಗಳಿಗೊಂದು ದಿನ ಕೆಲಸಗಳನ್ನು ಅದಲುಬದಲು ಮಾಡಿ: ಅಂದು ಯಜಮಾನರು ಅಡುಗೆ ಮಾಡಲಿ, ಗೃಹಿಣಿ ಬ್ಯಾಂಕಿಗೂ ಪೇಟೆಗೂ ಹೋಗಿಬರಲಿ. ಮೊದಲ ದಿನ ಸಾರಿಗೆ ಉಪ್ಪು ಹೆಚ್ಚಾಗಬಹುದು, ಚೀಟಿ ತುಂಬುವುದರಲ್ಲಿ ತಪ್ಪಾಗಬಹುದು. ಇನ್ನೊಬ್ಬರು ಸುಮ್ಮನಿರಬೇಕು, ಅಷ್ಟೆ.

ಜನವರಿಯ ಹೊತ್ತಿಗೆ ಆ ದೋಣಿಗಳಲ್ಲಿ ಬಹಳಷ್ಟು ಬೆಚ್ಚಗಿನ ನೀರನ್ನು ಸೇರಿರುತ್ತವೆ. ಬಹಾಮಾಕ್ಕೆ ಹೋಗುವವರು ಫ್ಲೋರಿಡಾದ ತೀರದಲ್ಲಿ ಇನ್ನೊಮ್ಮೆ ಕಾಯುವರು, ಪ್ರವಾಹಕ್ಕೆ ಎದುರಾದ ಉತ್ತರದ ಗಾಳಿ ಪೂರ್ತಿ ಅಡಗುವವರೆಗೆ. ಅಲ್ಲಿಗೆ ಸುಮಾರು 50 ಮೈಲಿಯ ದಾಟು. ವಸಂತ ಬಂದಾಗ ಇದೇ ದಾರಿಯಲ್ಲಿ ಉತ್ತರಕ್ಕೆ ಮರಳಬೇಕು. ಹೋಗುವಾಗ ಚುಕ್ಕಾಣಿ ಹಿಡಿದ ಕೈ ಬರುವಾಗ ಲಂಗರಿನ ಸರಪಳಿಯನ್ನು ಹಿಡಿಯುವುದಕ್ಕೆ ಅದು ಒಳ್ಳೆಯ ಅವಕಾಶ. ನಮ್ಮ ವಾಚಕ ದಂಪತಿಗಳಲ್ಲಿ ಯಾರಾದರೂ ಮೇಲೆ ಹೇಳಿದ ನೋಟುಪುಸ್ತಕವನ್ನು ಬರೆದು ಮುಗಿಸಿದರೆ, ಅದರಲ್ಲಿ ನಾವು ಮರೆತ ಬಾಬುಗಳು ಯಾವುವೆಂದು ಪತ್ರಿಕೆಗೆ ಒಂದು ಸಾಲು ತಿಳಿಸಲಿ. ಉಳಿದ ಮನೆಗಳಿಗೂ ಉಪಯೋಗವಾದೀತು.